ಐದು ಮೂಲೆಯ ಕಣ್ಣು

ಸಾಣಿಕಟ್ಟೆಯ ಆಗರದಲ್ಲಿ ಏಪ್ರಿಲ್ ಕೊನೆಗೆ
ನೀರು ಕೆಂಪೇರುತ್ತದೆ.
ಕುಂಕುಮದ ಕೆಂಪಲ್ಲ,
ಬಂಗಡೆಯ ಕಿವಿರು ತೊಳೆದ ನೀರಿನ ಬಣ್ಣ.
ಹಲಗೆಯಲ್ಲಿ ಉಪ್ಪು ಎಳೆಯುತ್ತಿದ್ದ ಹೊನ್ನಮ್ಮ ಆಗೇರ
ತಲೆಯೆತ್ತದೆ ಅಂದಳು:
"ಈ ಬಣ್ಣ ಬಂದ್ರೆ ಉಪ್ಪು ಚಲೋ ಬೀಳ್ತದೆ ತಂಗಿ.
ನೀ ಅದ್ನೇ ಒಯ್ತೀಯಲ್ಲ."
ಬಾಟಲಿ ತುಂಬಿ, ಟವೆಲ್ಲಿನಲ್ಲಿ ಸುತ್ತಿ
ಕಾರವಾರದ ಬಸ್ಸು ಹತ್ತಿದೆ.
ಅಂಕೋಲೆ ದಾಟುವವರೆಗೂ ತೊಡೆಯ ಮೇಲೆ ಬೆಚ್ಚಗಿತ್ತು,
ಕೋಳಿ ಆಗಷ್ಟೇ ಬಿಟ್ಟೆದ್ದ ಮೊಟ್ಟೆಯ ಹಾಗೆ.

ಒಂದು ಹನಿಯಲ್ಲಿ ಕುಮಟೆಯ ಜನಕ್ಕಿಂತ ಹೆಚ್ಚು ಜೀವ.
ಎಲ್ಲರ ಮೈಮೇಲೂ ಒಂದೇ ಅಂಗಿ.
ಅಂಗಿಯೆಂದರೆ ತಪ್ಪು, ಒಳಗೆ ಬೇರೆ ಗೋಡೆಯಿಲ್ಲ,
ತೆಳ್ಳನೆ ಪೊರೆ, ಅದರ ಮೇಲೆ ಇದು, ಆಮೇಲೆ ಸಮುದ್ರ.
ಒಂದೇ ಪ್ರೋಟೀನು ಲಕ್ಷಾಂತರ ಸಲ ಹುಟ್ಟಿ
ಹೊರಗೆ ಬಂದು ಪಕ್ಕದವನ ಕೈ ಹಿಡಿಯುತ್ತದೆ,
ಆರು ಜನ ಸುತ್ತು ನಿಂತು ನಡುವೆ ತೂತು ಬಿಡುತ್ತಾರೆ,
ಪಕ್ಕದಲ್ಲಿ ಮತ್ತೆ ಆರು.
ಹೇಳಿಕೊಡುವವರಿಲ್ಲ. ಉಪ್ಪು ಸಾಕಷ್ಟಿದ್ದರೆ ಆಯಿತು.

ಅಷ್ಟು ಸಣ್ಣದನ್ನು ಕಾಣುವ ಯಂತ್ರ ಕೋಡಿಬಾಗದಲ್ಲಿಲ್ಲ.
ಚಿತ್ರ ಮೂರು ವಾರದ ಮೇಲೆ ಬಂತು, ಬೂದು ಬಣ್ಣದ್ದು.
ರಾತ್ರಿ ಹತ್ತಕ್ಕೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ.
ಟ್ಯೂಬ್‌ಲೈಟಿನ ಕೆಳಗೆ ವಾಚ್‌ಮನ್ ಪುರ್ಸು ಹರಿಕಂತ್ರ
ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು
ಹರಿದ ಕಣ್ಣು ಕಟ್ಟುತ್ತಿದ್ದ.
ಬೋಟು ಬಿಟ್ಟು ಒಂಬತ್ತು ವರ್ಷ,
ಬಲೆ ಮಾತ್ರ ಬಿಟ್ಟಿಲ್ಲ.

"ಎಂತಾ ಬಲೆ ಅದು?"
ಬಲೆಯೆಂದು ನಾನು ಹೇಳಿರಲಿಲ್ಲ.
"ಕಣ್ಣೆಷ್ಟು?"
ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ನಾಲ್ಕೋ ಐದೋ, ಅಂದೆ.
"ಇಲಾಖೆಯವ್ರು ಬಿಡೂದಿಲ್ಲ. ದಂಡ ಹಾಕ್ತಾರೆ."
ಕಟ್ಟಿದ್ದು ಯಾರು ಅಂದ. ಯಾರೂ ಅಲ್ಲ, ತಾನೇ, ಅಂದೆ.
ನಗಲಿಲ್ಲ ಅವನು.
ಸೂಜಿ ಬಾಯಲ್ಲಿ ಕಚ್ಚಿಕೊಂಡು ಚಿತ್ರವನ್ನು ಹತ್ತಿರ ತಂದ,
ದೂರ ಹಿಡಿದ, ಓರೆ ಮಾಡಿದ.
ಬಲಮೂಲೆಯಲ್ಲಿ ನಾನು ಕೆಂಪು ಪೆನ್ನಲ್ಲಿ ಸುತ್ತಿ
'ದೋಷ' ಎಂದು ಬರೆದಿದ್ದೆ.
ಎಲ್ಲ ಕಡೆ ಆರು, ಅಲ್ಲೊಂದೇ ಕಡೆ ಐದು.
ಪುರ್ಸು ಅದರ ಮೇಲೇ ಬೆರಳಿಟ್ಟ:
"ಇದು ತಪ್ಪಲ್ಲ.
ಚಾಪೆ ಸುತ್ತಿ ತೆಂಗಿನಕಾಯಿ ಕಟ್ಟು ನೋಡ್ವಾ,
ಎಲ್ಲಾದ್ರೂ ಮುದುರಿಯೇ ಮುದುರ್ತದೆ.
ಬೀಸುಬಲೆ ಗುಂಡಗೆ ಬರ್ಬೇಕಾದ್ರೆ
ಕಣ್ಣಿನ ಲೆಕ್ಕ ಎಲ್ಲೋ ಒಂದ್ಕಡೆ ತಪ್ಪಿಸ್ಲೇಬೇಕು.
ಲೆಕ್ಕ ತಪ್ಪದಿದ್ರೆ ಅದು ಬಲೆ ಅಲ್ಲ, ಪರದೆ.
ಇದ್ರೊಳಗೆ ಯಾರೋ ಗುಂಡಗೆ ಇದ್ದಾರೆ."

ಯಾರೋ ಇದ್ದಾರೆ.
ಎರಡು ವರ್ಷದಿಂದ ಪದರ ನೋಡುತ್ತಿದ್ದೆ ನಾನು.

ಆ ರಾತ್ರಿ ಹಳೆಯ ಟ್ಯೂಬುಗಳನ್ನು ತೊಳೆಯುವುದಿತ್ತು.
ನಲ್ಲಿ ತಿರುಗಿಸಿದೆ. ಸಿಹಿನೀರು.
ಉಪ್ಪು ಹೋದರೆ ಕೈಗಳು ಬಿಡುತ್ತವೆ, ಪೊರೆ ಒಡೆಯುತ್ತದೆ.
ಗೊತ್ತಿದ್ದದ್ದೇ.
ಕೆಂಪು ತಿಳಿಯಾಗಿ ಸಿಂಕಿನಲ್ಲಿ ಇಳಿಯಿತು, ಸದ್ದಿಲ್ಲ.
ಮೂರನೆಯ ಟ್ಯೂಬಿಗೆ ಕೈ ನಿಂತಿತು.
ಆಮೇಲೆ ಅದನ್ನೂ ತೊಳೆದೆ, ಬೆಳಿಗ್ಗೆಗೆ ಬೇಕಿತ್ತು.

ಜೂನ್ ಮೊದಲ ವಾರ ಆಗರಕ್ಕೆ ಮಳೆ ಬಿತ್ತು.
ಹೊನ್ನಮ್ಮ ಹಲಗೆ ತೊಳೆದು ನಿಲ್ಲಿಸಿದ್ದಾಳೆ,
ಗದ್ದೆಗಳಲ್ಲಿ ಆಕಾಶ ತುಂಬಿದೆ, ಕೆಂಪಿನ ಗುರುತೇ ಇಲ್ಲ.
ಕಟ್ಟಿದ್ದೆಲ್ಲ ಬಿಚ್ಚಿಹೋಗಿರಬೇಕು.
ಹೋಗದೆ ಉಳಿದವರು ಗೋಣಿಚೀಲದಲ್ಲಿದ್ದಾರೆ,
ಹರಳೊಳಗೆ ಸಿಕ್ಕ ಚೂರು ನೀರಲ್ಲಿ
ಐದು ಮೂಲೆಯ ಕಣ್ಣು ತೆರೆದುಕೊಂಡು.

ಪುರ್ಸುವಿನ ಡಬ್ಬಿಯಲ್ಲಿ ಗಂಜಿ, ಒಣಮೀನು,
ಕಾಗದದಲ್ಲಿ ಕಟ್ಟಿದ ಸಾಣಿಕಟ್ಟೆಯ ಹರಳುಪ್ಪು.
ಒಂದು ಹರಳನ್ನು ಬೆಳಕಿಗೆ ಹಿಡಿದು ನನ್ನನ್ನು ನೋಡಿದ.
"ಹಾಕ್ಲೋ ಬೇಡ್ವೋ?"
ಹಾಕಿಕೋ ಅಂದೆ. ಗಂಜಿ ಆರುತ್ತಿತ್ತು.